ಮೈಸೂರಿನ ರಸ್ತೆಗೆ ಎಷ್ಟು ದೊಡ್ಡ ಕ್ರೂಸರ್ ಬೇಕು?

ಗ್ಯಾರೇಜಿಗೆ ಬರುವ ಹುಡುಗರು ಕ್ರೂಸರ್ ಬಗ್ಗೆ ಮೊದಲು ಕೇಳುವುದು ಎರಡೇ ಮಾತು. "ಅಣ್ಣ, ಎಷ್ಟು ಸಿಸಿ? ಟಾಪ್ ಸ್ಪೀಡ್ ಎಷ್ಟು?" ಟಾಪ್ ಸ್ಪೀಡ್ ಬೇಕಿದ್ದವರು ಕ್ರೂಸರ್ ಕಡೆ ತಿರುಗಿಯೂ ನೋಡಬೇಕಾಗಿಲ್ಲ. ತಗ್ಗು ಸೀಟಿನಲ್ಲಿ ಆರಾಮಾಗಿ ಕೂತು ದೂರ ಹೋಗಲೆಂದೇ ಮಾಡಿದ ಬೈಕಿದು, ಇದರ ಸುಖ ಇರುವುದೇ ನಿಧಾನದಲ್ಲಿ.

ರಾಯಲ್ ಎನ್‌ಫೀಲ್ಡ್ ಮೀಟಿಯರ್ 350 ನೋಡಿ. ಬೋರ್ 72 ಮಿಲಿಮೀಟರ್, ಸ್ಟ್ರೋಕ್ 85.8. ಅಂದ್ರೆ ಪಿಸ್ಟನ್ನಿನ ಅಗಲಕ್ಕಿಂತ ಅದು ಮೇಲೆ ಕೆಳಗೆ ಓಡಾಡುವ ದೂರ ಜಾಸ್ತಿ. ಇಂಥ ಎಂಜಿನ್ ಹೆಚ್ಚಿನ ಆರ್‌ಪಿಎಂಗೆ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ಏರಲು ಒಲ್ಲೆ ಅನ್ನುತ್ತದೆ, ಆದರೆ ಕಡಿಮೆ ಆರ್‌ಪಿಎಂನಲ್ಲೇ ಗಟ್ಟಿಯಾಗಿ ಎಳೆಯುತ್ತದೆ. 27 ಎನ್‌ಎಂ ಟಾರ್ಕ್, ಅಂದ್ರೆ ಎಳೆಯುವ ಬಲ, 4000 ಆರ್‌ಪಿಎಂಗೇ ಸಿಗುತ್ತದೆ. ಜೋರಾಗಿ ಓಡಿಸಲೆಂದೇ ಇರುವ ಕೆಟಿಎಂ 200 ಡ್ಯೂಕ್‌ನಲ್ಲಿ ಪವರ್ ಇದಕ್ಕಿಂತ ಹೆಚ್ಚು, ಟಾರ್ಕ್ ಮಾತ್ರ 19 ಚಿಲ್ಲರೆ, ಅದೂ 8000ಕ್ಕೆ. ಹಿಂದೆ ಹೆಂಡತಿ, ಪಕ್ಕದಲ್ಲಿ ಎರಡು ಬ್ಯಾಗ್ ಇಟ್ಟುಕೊಂಡು ಟಾಪ್ ಗೇರಿನಲ್ಲೇ ಸುಮ್ನೆ ಹೋಗುತ್ತಿರಬೇಕು ಅನ್ನುವವರಿಗೆ ಬೇಕಾದದ್ದು ಮೀಟಿಯರ್ ಥರದ ಎಂಜಿನ್.

ಈ ಜಾತಿಯ ಗಾಡಿ ಹುಟ್ಟಿದ್ದು ಅಮೆರಿಕದ ಉದ್ದನೆಯ ನೇರ ರಸ್ತೆಗಳಿಗೆ. ಅಲ್ಲಿನ 'ಇಂಡಿಯನ್' ಅನ್ನುವ ಹೆಸರಿನ ಬೈಕ್ ಕಂಪನಿ 1901ರದ್ದು, ಹಾರ್ಲೆ ಡೇವಿಡ್‌ಸನ್ 1903ರದ್ದು. ಹಾರ್ಲೆಯ ಎರಡು ಸಿಲಿಂಡರ್‌ಗಳ ನಡುವೆ 45 ಡಿಗ್ರಿ ಕೋನ, ಎರಡೂ ಪಿಸ್ಟನ್ನಿನ ರಾಡ್ ಸೇರುವುದು ಕ್ರ್ಯಾಂಕ್ ಅನ್ನುವ ತಿರುಗುವ ದಂಡದ ಒಂದೇ ಪಿನ್ನಿಗೆ. ಹಾಗಾಗಿ ಕ್ರ್ಯಾಂಕ್ ಒಂದು ಸಲ 315 ಡಿಗ್ರಿ, ಮುಂದಿನ ಸಲ 405 ಡಿಗ್ರಿ ತಿರುಗಿದ ಮೇಲೆ ಫೈರಿಂಗ್, ಅಂದ್ರೆ ಪೆಟ್ರೋಲ್ ಉರಿಯುವುದು, ಆಗುತ್ತದೆ. ಕುಂಟಿದಂತೆ ಕೇಳುವ ಆ ಸದ್ದಿಗೇ ಜನ ಮರುಳಾಗಿದ್ದು. ರಾಯಲ್ ಎನ್‌ಫೀಲ್ಡಿನದೇ ದೊಡ್ಡ ಕ್ರೂಸರ್ ಸೂಪರ್ ಮೀಟಿಯರ್ 650ರಲ್ಲಿ ಸಿಲಿಂಡರ್‌ಗಳು ಅಕ್ಕಪಕ್ಕ ಇವೆ. ಆದರೂ ಅಂಥದೇ ಲಯ ಬರಲಿ ಅಂತ ಕ್ರ್ಯಾಂಕನ್ನು 270 ಡಿಗ್ರಿಗೆ ಮಾಡಿದ್ದಾರೆ.

ಇನ್ನು ಸಿಸಿ, ಅಂದ್ರೆ ಎಂಜಿನ್ ಗಾತ್ರದ ವಿಷಯ. ಈ ಅಂಕಿಯನ್ನು ಎಷ್ಟೋ ಸಲ ರಸ್ತೆಗಿಂತ ಜಾಸ್ತಿ ತೆರಿಗೆಯೇ ನಿರ್ಧರಿಸುತ್ತದೆ. 1983ರಲ್ಲಿ ಹಾರ್ಲೆಯನ್ನು ಉಳಿಸಲು ಅಮೆರಿಕ ಸರ್ಕಾರ 700 ಸಿಸಿ ಮೇಲಿನ ಆಮದು ಬೈಕುಗಳ ಸುಂಕವನ್ನು ಶೇ 4.4ರಿಂದ 49.4ಕ್ಕೆ ಏರಿಸಿತು. ಜಪಾನಿನವರು ಸುಮ್ಮನಿರುತ್ತಾರಾ? 750ರ ಎಂಜಿನ್ನನ್ನೇ 700ರೊಳಕ್ಕೆ ಇಳಿಸಿ ಕಳಿಸಿದರು. ನಮ್ಮಲ್ಲಿ ಆ ಗೆರೆ 350. 2025ರ ಸೆಪ್ಟೆಂಬರ್ 22ರಿಂದ ಅದರವರೆಗೆ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು, ಅದಕ್ಕಿಂತ ದೊಡ್ಡದಕ್ಕೆ ಸೆಸ್ಸೂ ಸೇರಿ 31 ಇದ್ದದ್ದು 40 ಆಯಿತು.

ಮೈಸೂರಿನವರಿಗೆ ದೊಡ್ಡ ಬೈಕ್ ಅಂದ್ರೆ ಯೆಜ್ಡಿ ರೋಡ್‌ಕಿಂಗ್. ಅದು 250 ಸಿಸಿ ಟೂ ಸ್ಟ್ರೋಕ್, ಕ್ರೂಸರ್ ಅಲ್ಲವೇ ಅಲ್ಲ. ಯಾದವಗಿರಿಯಲ್ಲಿ ಹೀಗಂದರೆ ಹಳಬರು ಜಗಳಕ್ಕೇ ಬರುತ್ತಾರೆ! ಯೆಜ್ಡಿ ತಯಾರಿಸುತ್ತಿದ್ದ ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿಂದಾಚೆ ಕೈಗೆಟಕುವ ಬೆಲೆಯಲ್ಲಿ ಕ್ರೂಸರ್ ರುಚಿ ಹತ್ತಿಸಿದ್ದು 2002ರ ರಾಯಲ್ ಎನ್‌ಫೀಲ್ಡ್ ಥಂಡರ್‌ಬರ್ಡ್ ಮತ್ತು 2005ರ ಬಜಾಜ್ ಅವೆಂಜರ್.

ಈಗ ನಮ್ಮ ರಸ್ತೆಗೆ ಬನ್ನಿ. ಇರುವ ಒಂದೇ ನೇರ, ಅಗಲ ರಸ್ತೆ ಬೆಂಗಳೂರು ಎಕ್ಸ್‌ಪ್ರೆಸ್‌ವೇ. ಅದರ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಬೈಕ್ ಬಿಡುವುದಿಲ್ಲ. ಮಂಡ್ಯಕ್ಕೆ ಹೋಗಬೇಕಾದರೂ ಸರ್ವಿಸ್ ರಸ್ತೆಯೇ ಗತಿ. ಅಲ್ಲಿ ಹಂಪ್, ಎದುರು ಬರುವ ಆಟೊ, ಕಬ್ಬಿನ ಟ್ರ್ಯಾಕ್ಟರ್. ಕಬ್ಬಿನ ತರಗು ರಸ್ತೆಗೆ ಬಿದ್ದು ಮಂಜಿಗೆ ಒದ್ದೆಯಾಗಿದ್ದರೆ ಭಾರದ ಗಾಡಿಯ ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿಯಲೇಬೇಡಿ. ಸೂಪರ್ ಮೀಟಿಯರ್ 241 ಕೆಜಿ. ಸೀಟು 740 ಮಿಲಿಮೀಟರ್ ಎತ್ತರ ಅಷ್ಟೇ, ಕುಳ್ಳಗಿರುವವರಿಗೂ ಎರಡೂ ಕಾಲು ನೆಲಕ್ಕೆ ಊರುತ್ತವೆ. ಆದರೆ ನೆಲಕ್ಕೂ ಗಾಡಿಯ ಅಡಿಗೂ ನಡುವೆ ಉಳಿಯುವುದು 135 ಮಿಲಿಮೀಟರ್. ಮೀಟಿಯರ್ 350ಕ್ಕೆ 170 ಇದೆ. ಊರಿನವರೇ ಹಾಕಿಕೊಂಡ ಹಂಪಿನ ಮೇಲೆ ಈ ವ್ಯತ್ಯಾಸ ಕಿವಿಗೇ ಕೇಳುತ್ತದೆ. ಫೋರ್ಕ್ ಮುಂದಕ್ಕೆ ಚಾಚಿ, ಚಕ್ರಗಳ ನಡುವಿನ ದೂರ ಹೆಚ್ಚಿರುವುದರಿಂದ ಸಂತೆಪೇಟೆ ಗಲ್ಲಿಯಲ್ಲಿ ಯೂ ಟರ್ನ್ ಕೂಡ ಕಷ್ಟ. ನನ್ನನ್ನು ಕೇಳಿದರೆ ಇಲ್ಲಿ 350 ಸಾಕು. ವಾರವಾರ ನಂಜನಗೂಡು, ಗುಂಡ್ಲುಪೇಟೆ ದಾಟಿ ದೂರ ಹೋಗುವವರು 650 ತಗೊಳ್ಳಲಿ. ಅವರಿಗೂ ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್, ಅದು ಬೇರೆ ಮಾತು.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಟ್ಯಾಂಕಿನ ಹೊಳಪು ನೋಡುತ್ತಾ ನಿಲ್ಲಬೇಡಿ. ಮುಂದಿನ ಚಕ್ರ ಎತ್ತಿಸಿ ಹ್ಯಾಂಡಲ್ ನಿಧಾನಕ್ಕೆ ತಿರುಗಿಸಿ. ನಡುವೆ ಕಟಕ್ಕನೆ ಹಿಡಿದರೆ ಕೋನ್ ಸೆಟ್, ಅಂದ್ರೆ ಹ್ಯಾಂಡಲ್ ತಿರುಗುವ ಬೇರಿಂಗ್, ಹೋಗಿದೆ. ಆಮೇಲೆ ಟಾರ್ಚ್ ಹಿಡಿದು ಗಾಡಿಯ ಅಡಿಗೆ ಬಗ್ಗಿ. ಸೈಲೆನ್ಸರ್ ಮೇಲೆ ಬರೀ ಗೀರಿದ್ದರೆ ಬೆಲೆ ಇಳಿಸಿಕೊಳ್ಳಿ. ಫ್ರೇಮಿನ ಪೈಪೇ ನೆಗ್ಗಿದ್ದರೆ ಎಷ್ಟೇ ಕಮ್ಮಿಗೆ ಕೊಟ್ಟರೂ ಆ ಗಾಡಿ ಬೇಡ.