ಕತ್ತು ಎಷ್ಟು ತಿರುಗುತ್ತದೆ, ಹೇಗೆ ತಿರುಗುತ್ತದೆ: ದೀರ್ಘಕಾಲದ ಕತ್ತುನೋವಿನ ಬಗ್ಗೆ ಅಧ್ಯಯನ ಟಿಪ್ಪಣಿ

ಮೂರು ತಿಂಗಳು ಕಳೆದರೂ ಬಿಡದ ಕತ್ತುನೋವನ್ನು ದೀರ್ಘಕಾಲದ ನೋವು ಎಂದು ಪರಿಗಣಿಸುವುದು ರೂಢಿ. ಅಂಥವರನ್ನು ಪರೀಕ್ಷಿಸುವಾಗ ನಾವು ಮೊದಲು ಮಾಡುವ ಕೆಲಸವೆಂದರೆ ಕತ್ತು ಎಡಕ್ಕೆ ಎಷ್ಟು ಡಿಗ್ರಿ, ಬಲಕ್ಕೆ ಎಷ್ಟು ಡಿಗ್ರಿ ಹೊರಳುತ್ತದೆ ಎಂದು ಅಳೆದು ಬರೆದುಕೊಳ್ಳುವುದು. ಆ ಅಂಕಿ ಬೇಕಾದದ್ದೇ, ಆದರೆ ಅದು ಹೇಳುವುದು ಚಲನೆಯ ವ್ಯಾಪ್ತಿಯನ್ನು ಮಾತ್ರ. ಚಲನೆಯ ವೇಗ, ನಯ, ನಿಖರತೆ ಈ ಮೂರೂ ಅದರಲ್ಲಿ ಕಾಣುವುದಿಲ್ಲ.

ಬಿ.ಟಿ.ಎಂ. ಲೇಔಟಿನಲ್ಲಿ ನಾವಿರುವ ಮನೆಯ ಮಹಡಿಯ ಮೇಲಿನ ಅಕ್ಕ ದಿನವೂ ಸ್ಕೂಟರಿನಲ್ಲಿ ಸಿಲ್ಕ್ ಬೋರ್ಡ್ ದಾಟಿ ಕೆಲಸಕ್ಕೆ ಹೋಗುತ್ತಾರೆ. ಎರಡು ವರ್ಷದಿಂದ ಅವರಿಗೆ ಕತ್ತುನೋವು. ಕುರ್ಚಿಯಲ್ಲಿ ಕೂರಿಸಿ ಅಳೆದರೆ ಕತ್ತು ಎರಡೂ ಕಡೆಗೆ ಹೆಚ್ಚುಕಡಿಮೆ ಪೂರ್ತಿ ತಿರುಗುತ್ತದೆ. ಆದರೆ ಒಂದು ದಿನ ಅವರ ಹಿಂದೆ ಕೂತು ಹೋದಾಗ ಗಮನಿಸಿದೆ: ಹಿಂದಿನಿಂದ ಬರುವ ಬಸ್ಸನ್ನು ನೋಡಬೇಕಾದಾಗ ಅವರು ಕತ್ತನ್ನು ಹೊರಳಿಸದೆ, ಭುಜ, ಎದೆ, ತಲೆ ಮೂರನ್ನೂ ಒಂದೇ ಹಲಗೆಯ ಹಾಗೆ ಸೊಂಟದಿಂದ ತಿರುಗಿಸುತ್ತಿದ್ದರು. ಕೇಳಿದ್ದಕ್ಕೆ, "ತಿರುಗುತ್ತಮ್ಮ, ಆದ್ರೆ ಬೇಗ ತಿರುಗಿಸೋಕೆ ಧೈರ್ಯ ಬರಲ್ಲ" ಎಂದರು. ಕತ್ತುನೋವಿರುವವರಲ್ಲಿ ತಲೆ ತಿರುಗಿಸುವ ಗರಿಷ್ಠ ವೇಗ ಕಡಿಮೆಯಾಗಿರುತ್ತದೆ, ಚಲನೆ ತಡೆತಡೆದು ಸಾಗುತ್ತದೆ ಎಂದು ಸಂಶೋಧಕರು ಅಳೆದು ಹೇಳಿರುವುದನ್ನೇ ಅಕ್ಕ ಒಂದು ಮಾತಿನಲ್ಲಿ ಹೇಳಿದ್ದರು.

ಇದಕ್ಕೆ ಕಾರಣ ತಿಳಿಯಲು ಕತ್ತಿನ ರಚನೆಯನ್ನು ನೆನೆಯಬೇಕು. ನಾಲ್ಕೂವರೆಯಿಂದ ಐದು ಕಿಲೋ ತೂಗುವ ತಲೆಯನ್ನು ಏಳು ಸಣ್ಣ ಕಶೇರುಗಳು, ಅಂದರೆ ಬೆನ್ನುಮೂಳೆಯ ಮಣಿಗಳು, ಹೊತ್ತಿವೆ. ಎಡಬಲ ತಿರುಗುವಿಕೆಯಲ್ಲಿ ಸುಮಾರು ಅರ್ಧ ಭಾಗ ಮೇಲಿನ ಎರಡು ಕಶೇರುಗಳ, ಅಂದರೆ ಅಟ್ಲಾಸ್ ಮತ್ತು ಆಕ್ಸಿಸ್‌ಗಳ ನಡುವೆಯೇ ನಡೆಯುತ್ತದೆ. ತಲೆಬುರುಡೆಯ ಬುಡದಲ್ಲಿರುವ ಸಬ್‌ಆಕ್ಸಿಪಿಟಲ್ ಸ್ನಾಯುಗಳು ಗಾತ್ರದಲ್ಲಿ ಬಹಳ ಚಿಕ್ಕವು. ಆದರೆ ಸ್ನಾಯುವಿನ ಉದ್ದದ ಏರಿಳಿತವನ್ನು ಮಿದುಳಿಗೆ ತಿಳಿಸುವ ಮಸಲ್ ಸ್ಪಿಂಡಲ್‌ಗಳು ಅವುಗಳಲ್ಲಿ ಅತಿ ದಟ್ಟವಾಗಿವೆ. ಹಾಗಾಗಿ ಅವುಗಳನ್ನು ತಲೆ ಎತ್ತುವ ಆಳುಗಳೆಂದು ನೋಡುವುದಕ್ಕಿಂತ ತಲೆ ಎಲ್ಲಿದೆ ಎಂದು ವರದಿ ಮಾಡುವ ಕಾವಲುಗಾರರೆಂದು ನೋಡುವುದು ನನಗೆ ಹೆಚ್ಚು ಸರಿಯೆನಿಸುತ್ತದೆ. ಈ ವರದಿ ಒಳಕಿವಿಯ ಸಮತೋಲನದ ಸಂಕೇತಗಳೊಂದಿಗೆ ಮತ್ತು ಕಣ್ಣಿನ ಚಲನೆಯನ್ನು ನಿಯಂತ್ರಿಸುವ ಕೇಂದ್ರಗಳೊಂದಿಗೆ ಮಿದುಳುಕಾಂಡದಲ್ಲಿ ಕೂಡುತ್ತದೆ. ನೋವಿನಿಂದ ವರದಿ ಕೆಟ್ಟರೆ ಮೂರರ ಲೆಕ್ಕ ತಾಳೆಯಾಗದೆ ಕೆಲವರಿಗೆ ತಲೆ ತೇಲಿದಂತೆ, ನಡಿಗೆ ಅಸ್ಥಿರವಾದಂತೆ ಅನಿಸುತ್ತದೆ. ತಲೆಸುತ್ತಿಗೆ ಬೇರೆ ಕಾರಣಗಳೂ ಹಲವು ಇರುವುದರಿಂದ ಅವನ್ನೆಲ್ಲ ತಳ್ಳಿಹಾಕುವವರೆಗೆ ಕತ್ತಿನ ಮೇಲೆ ಹೊರೆ ಹೊರಿಸಬಾರದು.

ಸ್ನಾಯುಗಳ ಕೆಲಸದ ಹಂಚಿಕೆಯೂ ಬದಲಾಗುತ್ತದೆ. ಕಶೇರುಗಳ ಮುಂಬದಿಗೆ ಅಂಟಿಕೊಂಡಿರುವ ಲಾಂಗಸ್ ಕೊಲೈ ಮತ್ತು ಲಾಂಗಸ್ ಕ್ಯಾಪಿಟಿಸ್ ಎಂಬ ಆಳದ ಸ್ನಾಯುಗಳು ನೋವಿರುವವರಲ್ಲಿ ಕಡಿಮೆ ದುಡಿಯುತ್ತವೆ, ಕಿವಿಯ ಹಿಂದಿನಿಂದ ಎದೆಮೂಳೆಯವರೆಗೆ ಇಳಿಯುವ, ಹೊರಗಿನ ಸ್ಟರ್ನೊಕ್ಲೈಡೊಮ್ಯಾಸ್ಟಾಯ್ಡ್ ಸ್ನಾಯು ಹೆಚ್ಚು ದುಡಿಯುತ್ತದೆ. ಇದನ್ನು ನೋಡಲು ಆಸ್ಟ್ರೇಲಿಯಾದ ಗ್ವೆಂಡೊಲಿನ್ ಜುಲ್ ರೂಪಿಸಿದ ಪರೀಕ್ಷೆಯಲ್ಲಿ, ಅಂಗಾತ ಮಲಗಿದವರ ಕತ್ತಿನ ಕೆಳಗೆ ಗಾಳಿಚೀಲವಿಟ್ಟು, ಒತ್ತಡವನ್ನು 20 ಮಿ.ಮೀ. ಪಾದರಸಕ್ಕೆ ನಿಲ್ಲಿಸಿ, ಹೂಂ ಎಂದು ತಲೆಯಾಡಿಸಿದಷ್ಟೇ ಗದ್ದ ತಗ್ಗಿಸುತ್ತ ಅದನ್ನು ಎರಡೆರಡರಂತೆ 30ರವರೆಗೆ ಏರಿಸಲು ಹೇಳುತ್ತಾರೆ. ನಮ್ಮಲ್ಲಿ ಬಹುಮಂದಿ ಒತ್ತಡ ತೋರಿಸುವ ಮಾಪಕದ ಮುಳ್ಳನ್ನೇ ನೋಡುತ್ತ ಕೂತು, ಕತ್ತಿನ ಮುಂದೆ ಹಗ್ಗದ ಹಾಗೆ ಉಬ್ಬಿ ನಿಂತ ಸ್ನಾಯುವನ್ನು ಗಮನಿಸುವುದಿಲ್ಲ. ಮುಳ್ಳು 30 ಮುಟ್ಟಿದರೂ ಆ ಹಗ್ಗ ಕಂಡರೆ ಪರೀಕ್ಷೆ ಸರಿಯಾಗಿ ನಡೆದಿಲ್ಲ.

ತಲೆಯ ಸ್ಥಾನದ ಅರಿವನ್ನು ಅಳೆಯುವ ಸುಲಭ ವಿಧಾನ ಫ್ರಾನ್ಸಿನ ಮಿಶೆಲ್ ರೆವೆಲ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ್ದು. ಗೋಡೆಯಿಂದ 90 ಸೆಂ.ಮೀ. ದೂರದಲ್ಲಿ ಕೂತವರ ತಲೆಗೆ ಬೆಳಕಿನ ಚುಕ್ಕೆ ಬೀರುವ ಸಾಧನ ಕಟ್ಟಿ, ಕಣ್ಣು ಮುಚ್ಚಿ ತಲೆಯನ್ನು ಪೂರ್ತಿ ತಿರುಗಿಸಿ ಮೊದಲಿದ್ದ ಜಾಗಕ್ಕೇ ತರಲು ಹೇಳಿದರೆ, ಚುಕ್ಕೆ ಎಷ್ಟು ತಪ್ಪಿತು ಎಂಬುದೇ ದೋಷದ ಅಳತೆ. ಸರಾಸರಿ 4.5 ಡಿಗ್ರಿ ಮೀರಿದರೆ, ಅಂದರೆ ಗೋಡೆಯ ಮೇಲೆ ಸುಮಾರು 7 ಸೆಂ.ಮೀ. ಮೀರಿದರೆ, ಅದು ಗಮನಿಸತಕ್ಕದ್ದು. ನಾವು ಎಸ್.ಪಿ. ರಸ್ತೆಯಲ್ಲಿ ಕೊಂಡ ಲೇಸರ್ ಪಾಯಿಂಟರನ್ನು ಟೋಪಿಗೆ ರಬ್ಬರ್ ಬ್ಯಾಂಡಿನಿಂದ ಬಿಗಿದು ಸಹಪಾಠಿಯ ಮೇಲೆ ಪ್ರಯೋಗಿಸಿದೆವು. ಕತ್ತುನೋವೇ ಇಲ್ಲದ ಅವಳ ಚುಕ್ಕೆ ಮೊದಲ ಸಲ ಒಂಬತ್ತು ಸೆಂ.ಮೀ. ಆಚೆ ಬಿತ್ತು. ನೋಡಿದರೆ ಜಾರಿದ್ದು ಟೋಪಿ. ಅದನ್ನು ದುಪಟ್ಟಾದಿಂದ ಕಟ್ಟಿ, ಹಲವು ಸಲ ಮಾಡಿಸಿ ಸರಾಸರಿ ತೆಗೆದಾಗ ಅಂಕಿ ಮಿತಿಯೊಳಕ್ಕೆ ಬಂತು. ನೋವಿರುವವರ ಮತ್ತು ಇಲ್ಲದವರ ಅಂಕಿಗಳು ಒಂದರ ಮೇಲೊಂದು ಹಾಯುವುದರಿಂದ, ಈ ಒಂದೇ ಪರೀಕ್ಷೆಯನ್ನು ನಂಬಿ ತೀರ್ಪು ಕೊಡುವುದು ದುಡುಕು.

ನೋವಿನಿಂದ ನಿಯಂತ್ರಣ ಕೆಟ್ಟಿತೋ, ನಿಯಂತ್ರಣ ಕೆಟ್ಟು ನೋವು ಬಂತೋ ಎಂಬ ಪ್ರಶ್ನೆಗೆ ಭಾಗಶಃ ಉತ್ತರವಿದೆ. ಆರೋಗ್ಯವಂತರ ಕತ್ತಿನ ಸ್ನಾಯುವಿಗೆ ಗಾಢ ಉಪ್ಪುನೀರು ಚುಚ್ಚಿ ತಾತ್ಕಾಲಿಕ ನೋವು ಬರಿಸಿದಾಗ ಸ್ನಾಯುಗಳ ಹೊಂದಾಣಿಕೆ ಆಗಲೇ ಬದಲಾಗುತ್ತದೆ. ಆದ್ದರಿಂದ ಮೊದಲ ದಿಕ್ಕು ಖಚಿತ. ಎರಡನೆಯ ದಿಕ್ಕನ್ನು ಒಮ್ಮೆ ಮಾತ್ರ ಅಳೆಯುವ ಅಧ್ಯಯನಗಳು ಸಾಬೀತು ಮಾಡಲಾರವು. ಅಕ್ಕ ಹೇಳಿದ ಅಧೈರ್ಯವೂ ಇಲ್ಲಿ ಸೇರುತ್ತದೆ: ಚಲನೆಯ ಭಯವಿರುವವರು ನಿಧಾನವಾಗಿ ತಿರುಗುವುದು ಸ್ನಾಯುವಿನ ದೋಷವೇ ಆಗಬೇಕಿಲ್ಲ.

ಚಿಕಿತ್ಸೆಯಲ್ಲಿ ಕಣ್ಣು ಮತ್ತು ತಲೆಯನ್ನು ಜೊತೆಗೂಡಿಸುವ ವ್ಯಾಯಾಮ, ಸ್ಥಾನ ಹುಡುಕುವ ಅಭ್ಯಾಸ, ಗದ್ದ ತಗ್ಗಿಸುವ ಆಳದ ಸ್ನಾಯುಗಳ ತರಬೇತಿ ಎಲ್ಲವೂ ಬಳಕೆಯಲ್ಲಿವೆ. ಮೊದಲ ಎರಡನ್ನು ಒಳಗೊಂಡ ತರಬೇತಿಯನ್ನು ಕೊನೆಯದರೊಂದಿಗೆ ಹೋಲಿಸಿದ ಪ್ರಯೋಗದಲ್ಲಿ ಎರಡೂ ಗುಂಪುಗಳ ಸ್ಥಾನದೋಷ ಕಡಿಮೆಯಾಯಿತು. ಅಕ್ಕನ ಹಾಳೆಯಲ್ಲಿ "ತಿರುಗುವಿಕೆ: ಪೂರ್ಣ" ಎಂದು ಬರೆದ ಸಾಲಿನ ಕೆಳಗೆ ಈಗ ಇನ್ನೊಂದು ಸಾಲು ಸೇರಿಸಿದ್ದೇನೆ: "ನಿಧಾನವಾಗಿ ಮಾತ್ರ, ಸ್ಕೂಟರ್ ಮೇಲೆ ಸೊಂಟದಿಂದ."