ಪುಕ್ಕಟೆ ಸಾಫ್ಟ್‌ವೇರಿಗೆ ಸಂಬಳ ಕೊಡುವವರು ಯಾರು?

ದಾವಣಗೆರೆಯ ಸಿದ್ಧ ಉಡುಪಿನ ಸಗಟು ವ್ಯಾಪಾರಿಯೊಬ್ಬರು ಎರಡು ಕೊಟೇಶನ್ ಹಿಡಿದು ಬಂದಿದ್ದರು. ಒಂದು, ತಿಂಗಳಿಗೆ 4,000 ರೂಪಾಯಿ ಬಾಡಿಗೆಯ ಬಿಲ್ಲಿಂಗ್ ವ್ಯವಸ್ಥೆ. ಇನ್ನೊಂದಕ್ಕೆ ಲೈಸೆನ್ಸ್ ಶುಲ್ಕವೇ ಇಲ್ಲ, ಅಂಗಡಿಯಲ್ಲೊಂದು ಸರ್ವರ್ ಇಟ್ಟರೆ ಸಾಕು.

“ಇದರಲ್ಲಿ ಯೋಚಿಸುವುದೇನಿದೆ ಸರ್?” ಎಂದರು.

“ಸರ್ವರ್ ನೋಡಿಕೊಳ್ಳುವವರು?”

“ನಮ್ಮ ಅಕೌಂಟೆಂಟ್ ಇದ್ದಾನಲ್ಲ, ಚುರುಕು ಹುಡುಗ.”

ಈ ಚುರುಕು ಹುಡುಗ ಯಾವ ಕೊಟೇಶನ್ನಿನಲ್ಲೂ ಇರುವುದಿಲ್ಲ. ಅವನ ಸಂಬಳ 30,000 ರೂಪಾಯಿ. ಅಷ್ಟನ್ನೂ ಮೂಲ ವೇತನವೆಂದು ಹಿಡಿದರೆ ಮಾಲೀಕರ ಪಾಲಿನ ಪಿಎಫ್ ಶೇ 12ರಂತೆ 3,600, ಗ್ರಾಚ್ಯುಟಿಗೆ ತೆಗೆದಿಡಬೇಕಾದದ್ದು ಸುಮಾರು 1,440. ಸಂಬಳವೂ ಸೇರಿ ಈ ಮೂರನ್ನೂ ಕೂಡಿಸಿದರೆ, ತಿಂಗಳಿಗೆ 26 ದಿನ, ದಿನಕ್ಕೆ ಎಂಟು ಗಂಟೆಯ ಲೆಕ್ಕದಲ್ಲಿ ಗಂಟೆಗೆ 168 ರೂಪಾಯಿ ಬೀಳುತ್ತದೆ. ರಜೆಗಳನ್ನು ನಾನು ಹಿಡಿದೇ ಇಲ್ಲ. ಬ್ಯಾಕಪ್, ಅಪ್‌ಡೇಟ್, ಕರೆಂಟ್ ಹೋಗಿ ಬಂದ ಮೇಲೆ ಸರ್ವರನ್ನು ಎಬ್ಬಿಸುವುದು ಎಂದು ದಿನಕ್ಕೆ ಒಂದೂವರೆ ಗಂಟೆ ಹೋದರೆ ತಿಂಗಳಿಗೆ 6,500 ದಾಟಿತು.

“ಸಂಬಳ ಹೇಗೂ ಕೊಡುತ್ತೇನಲ್ಲ” ಎಂದರು. ತಕರಾರು ನ್ಯಾಯವಾದದ್ದೇ. ಹುಡುಗನ ಕೈ ಖಾಲಿ ಇದ್ದರೆ ಆ ಗಂಟೆಗಳಿಗೆ ಬೆಲೆ ಕಟ್ಟುವುದು ತಪ್ಪು. ಆಗ ಪುಕ್ಕಟೆಯದೇ ಲಾಭ. ಆದ್ದರಿಂದ ನಾನು ಕೇಳುವುದು, ಆ ಒಂದೂವರೆ ಗಂಟೆಗಾಗಿ ಅವನು ಕೈಬಿಡುವ ಕೆಲಸ ಯಾವುದು ಎಂದು. ಇವರಲ್ಲಿ ಅದು ಬಾಕಿ ವಸೂಲಿಯ ಫೋನ್. ಹರಿಹರ, ಹರಪನಹಳ್ಳಿಯ ಅಂಗಡಿಗಳಿಂದ ಬರಬೇಕಾದ ಹಣ ಹದಿನೈದು ದಿನ ತಡವಾದರೆ, ಓವರ್‌ಡ್ರಾಫ್ಟಿನ ಬಡ್ಡಿಯ ಮುಂದೆ ಗಂಟೆಗೆ 168 ರೂಪಾಯಿ ಏನೂ ಅಲ್ಲ.

ಬಾಡಿಗೆಯದು ತಂದರೆ ಎಲ್ಲ ಕೆಲಸ ಕಂಪನಿಯದು ಎಂದೂ ಅಲ್ಲ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಉಡುಪಿಗೆ ಜಿಎಸ್‌ಟಿ ಶೇ 5, ಅದಕ್ಕೆ ಮೇಲಿನದಕ್ಕೆ ಶೇ 18 ಆಯಿತು. ಯಾವ ಐಟಂ ಗೆರೆಯ ಯಾವ ಕಡೆಗೆ ಎಂದು ಅಂಗಡಿಯವರೇ ನೋಡಬೇಕಾಯಿತು. ಹಳೆಯ ಸ್ಟಾಕ್, ಖಾತೆಗಳನ್ನು ಹೊಸದಕ್ಕೆ ಸಾಗಿಸುವ ಒಂದೆರಡು ತಿಂಗಳು ಎರಡೂ ಕಡೆ ಬರೆಯುವ ದುಡಿಮೆಯನ್ನು ಎರಡೂ ಕೊಟೇಶನ್ನಿಗೆ ಸೇರಿಸಿಕೊಳ್ಳಿ.

ಮಾರುವವರು ತಮ್ಮ ಹಳೆಯ ಗಿರಾಕಿಗಳ ನಂಬರ್ ಕೊಡುತ್ತಾರೆ. ಮಾಲೀಕರೊಂದಿಗಲ್ಲ, ಅಲ್ಲಿನ ಅಕೌಂಟೆಂಟ್ ಜೊತೆ ಮಾತನಾಡಿ; ಸಂಜೆ ಎಷ್ಟು ಹೊತ್ತಿಗೆ ಮನೆಗೆ ಹೋಗುತ್ತೀರಿ ಎಂದು ಕೇಳಿ. 20ನೇ ತಾರೀಕು ಮಾತ್ರ ಬೇಡ, ಅದು ತಿಂಗಳ ಜಿಎಸ್‌ಟಿ ಲೆಕ್ಕವಾದ ಜಿಎಸ್‌ಟಿಆರ್‌-3ಬಿ ಸಲ್ಲಿಸುವ ಕೊನೆಯ ದಿನ. ಫೋನ್ ಎತ್ತುವುದಿಲ್ಲ.