ಪಳೆಯುಳಿಕೆ: ಹಳೆಯದಾದರೆ ಸಾಲದು

ಮೊನ್ನೆ ಮತ್ತೊಂದು ಫೋಟೋ ಬಂತು. ಕುಮಟಾ ಕಡೆಯ ಪರಿಚಯದವರ ಮನೆಯಲ್ಲಿ ಬಾವಿ ತೋಡುವಾಗ ಸಿಕ್ಕ ಕಲ್ಲಿನದು. ಕೆಂಪು ಬಣ್ಣ, ಮೈತುಂಬ ಸುತ್ತಿ ಸುತ್ತಿ ಹೋದ ತೂತು. ಜೊತೆಗೆ ಒಂದು ಸಾಲು: 'ಹಾವಿನ ಪಳೆಯುಳಿಕೆ ಸಿಕ್ಕಿದೆ, ನೋಡಿ.' ನೋಡಿದೆ. ಚಿರೆಕಲ್ಲು. ಅವರ ಮನೆ ಗೋಡೆಯಲ್ಲಿರುವುದೂ ಅದೇ ಕಲ್ಲು.

ಅದಕ್ಕೂ ಒಂದು ವಾರ ಮುಂಚೆ ಒಂದು ಪತ್ರಿಕೆಯಲ್ಲಿ ಮಿರ್ಜಾನ್ ಕೋಟೆಯ ಮುರಿದ ಗೋಡೆಗಳ ಚಿತ್ರದ ಕೆಳಗೆ 'ಕೋಟೆಯ ಪಳೆಯುಳಿಕೆಗಳು' ಅಂತ ಇತ್ತು. ಕೋಟೆಗೆ ಪಳೆಯುಳಿಕೆ ಇರುವುದಿಲ್ಲ. ಅವಶೇಷ ಇರುತ್ತದೆ, ಅಥವಾ ಸರಳವಾಗಿ ಅಳಿದುಳಿದ ಗೋಡೆ ಇರುತ್ತದೆ. ಕೋಟೆ ಯಾವತ್ತೂ ಉಸಿರಾಡಿರಲಿಲ್ಲ. ಪಳೆಯುಳಿಕೆ ಅನ್ನಬೇಕಾದರೆ ಅದು ಒಂದು ಕಾಲದಲ್ಲಿ ಬದುಕಿದ್ದ ಪ್ರಾಣಿ, ಗಿಡ, ಸೂಕ್ಷ್ಮಜೀವಿ ಯಾವುದಾದರೊಂದರ ಭಾಗವೋ ಗುರುತೋ ಆಗಿರಬೇಕು. ಎಷ್ಟು ಹಳೆಯದು, ಎಷ್ಟು ವಿಚಿತ್ರ, ಎಷ್ಟು ಗಟ್ಟಿ ಅನ್ನುವುದೆಲ್ಲ ಆಮೇಲಿನ ಪ್ರಶ್ನೆ.

ತಪ್ಪು ಪೂರ್ತಿ ಜನರದ್ದೂ ಅಲ್ಲ. ಪದವೇ ಸ್ವಲ್ಪ ದಾರಿ ತಪ್ಪಿಸುತ್ತದೆ. ಬಿಡಿಸಿ ನೋಡಿ: ಪಳೆ, ಉಳಿಕೆ. ನಡುವೆ ಒಂದು 'ಯ' ಬಂದು ಸೇರಿದೆ, ಅಷ್ಟೇ. ಹಳೆಯದು ಉಳಿದದ್ದು. ಇದರಲ್ಲಿ ಜೀವದ ಮಾತೇ ಇಲ್ಲ! 'ಜೀವಾವಶೇಷ' ಅಂತ ಬರೆಯುವವರು ಈ ಕಾರಣಕ್ಕೇ ಆ ಪದವನ್ನು ಹಿಡಿದುಕೊಂಡಿದ್ದಾರೆ ಅನಿಸುತ್ತದೆ. ಅರ್ಥದ ಮಟ್ಟಿಗೆ ಅದು ಸರಿಯಾದ ಪದವೇ. ಆದರೂ ನನಗೆ ಪಳೆಯುಳಿಕೆಯೇ ಇಷ್ಟ, ಬಾಯಿಗೆ ಹತ್ತಿರ, ಮಕ್ಕಳಿಗೂ ನೆನಪಿರುತ್ತದೆ. ಬಳಸುವಾಗ ಅದರೊಳಗೆ ಜೀವ ಇದೆ ಅನ್ನುವುದನ್ನು ಮರೆಯಬಾರದು.

'ಪಳೆ' ಎಲ್ಲಿಂದ ಬಂತು? ಹಳಗನ್ನಡದಲ್ಲಿ ಹಳೆಯದಕ್ಕೆ 'ಪೞೆಯ' ಅನ್ನುತ್ತಿದ್ದರು. ಪಾಲು ಹಾಲಾಯಿತು, ಪೂ ಹೂವಾಯಿತು, ಪುಲಿ ಹುಲಿಯಾಯಿತು, ಪಾವು ಹಾವಾಯಿತು. ಅದೇ ದಾರಿಯಲ್ಲಿ ಪಳೆಯದು ಹಳೆಯದಾಯಿತು. ಮಧ್ಯದಲ್ಲಿದ್ದ 'ೞ' ಈಗ ನಮ್ಮ ವರ್ಣಮಾಲೆಯಲ್ಲೇ ಇಲ್ಲ, ಅದು 'ಳ'ದ ಜೊತೆ ಬೆರೆತುಹೋಗಿದೆ. ತಮಿಳರು ಇವತ್ತಿಗೂ 'ಪೞೈಯ' ಅಂತ ಆ ದನಿಯನ್ನು ಹಾಗೇ ಇಟ್ಟುಕೊಂಡಿದ್ದಾರೆ. ನಮ್ಮಲ್ಲಿ ಈ ಬೇರಿನ ಪದಗಳಿಗೆ ಬರ ಇಲ್ಲ. ಹಳಬ, ಹಳತು, ಹಳ್ಳಿಯವರ ಬಾಯಲ್ಲಿ ದಿನಾ ಬರುವ 'ಹಳಸಿದ ಅನ್ನ', ಎಲ್ಲವೂ ಇದೇ ಸಂಸಾರ. ಹಾಗಾಗಿ 'ಪಳಿಯುಳಿಕೆ' ಅಂತ ಬರೆಯಬೇಡಿ. ಬೇರು ಗೊತ್ತಿದ್ದರೆ ಕಾಗುಣಿತ ತಪ್ಪುವುದಿಲ್ಲ.

ಇಂಗ್ಲಿಷಿನ ಫಾಸಿಲ್ ಪದಕ್ಕೂ ಇದೇ ಕಷ್ಟ ಇತ್ತು ಅನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ. ಅದು ಲ್ಯಾಟಿನ್‌ನಿಂದ ಬಂದದ್ದು, ಮೂಲ ಅರ್ಥ 'ಅಗೆದು ತೆಗೆದದ್ದು'. 16ನೇ ಶತಮಾನದ ಯುರೋಪಿನಲ್ಲಿ ನೆಲದಿಂದ ಅಗೆದದ್ದೆಲ್ಲ ಫಾಸಿಲ್: ಅದಿರು, ಹರಳು, ಕಲ್ಲಾದ ಶಂಖ, ಎಲ್ಲ ಒಂದೇ ಬುಟ್ಟಿಗೆ. ಜೀವ ಇದ್ದದ್ದನ್ನು ಬೇರೆ ಮಾಡಿ ಆ ಹೆಸರನ್ನು ಅದೊಂದಕ್ಕೇ ಮೀಸಲಿಡಲು ಅವರಿಗೆ ಶತಮಾನಗಳೇ ಬೇಕಾದವು. ಅವರು ಕಷ್ಟಪಟ್ಟು ಬಿಡಿಸಿದ ಗಂಟನ್ನು ನಾವು ಮತ್ತೆ ಯಾಕೆ ಹಾಕಿಕೊಳ್ಳಬೇಕು?

ಇನ್ನೊಂದು ತಪ್ಪು ತಿಳುವಳಿಕೆ, ಪಳೆಯುಳಿಕೆ ಅಂದರೆ ಕಲ್ಲೇ ಆಗಿರಬೇಕು ಅನ್ನುವುದು. ಹಾಗೇನಿಲ್ಲ. ಮರದ ಅಂಟು ಗಟ್ಟಿಯಾಗಿ ಅದರೊಳಗೆ ಸಿಕ್ಕಿಬಿದ್ದ ನೊಣ ಪಳೆಯುಳಿಕೆ. ಸೈಬೀರಿಯಾದ ಹೆಪ್ಪುಗಟ್ಟಿದ ನೆಲದಲ್ಲಿ ಕೂದಲಿನ ಸಮೇತ ಸಿಕ್ಕ, ಈಗ ಅಳಿದುಹೋದ ಆನೆಯ ಬಳಗದ ಮ್ಯಾಮತ್ ಕೂಡ ಪಳೆಯುಳಿಕೆ. ಮೈಯೇ ಉಳಿದಿರಬೇಕು ಅಂತಲೂ ಇಲ್ಲ. ಕೆಸರಲ್ಲಿ ನಡೆದ ಪ್ರಾಣಿಯ ಹೆಜ್ಜೆ, ಹುಳ ಕೊರೆದ ಬಿಲ, ಕಲ್ಲಾದ ಲದ್ದಿ ಸಹ ಲೆಕ್ಕಕ್ಕೆ ಬರುತ್ತವೆ.

ಈಗ ನಮ್ಮೂರಿನ ಕಲ್ಲುಗಳಿಗೆ ಬರೋಣ. ನನ್ನ ಅಕ್ಕನ ಮಗ ಶಿರಸಿಯಲ್ಲಿ ಪಿಯುಸಿ ಓದುತ್ತಿದ್ದಾನೆ, ಕಲ್ಲು ಕಂಡರೆ ಬಿಡುವುದಿಲ್ಲ. ದೇವಿಮನೆ ಘಟ್ಟದಲ್ಲಿ ರಸ್ತೆ ಅಗಲ ಮಾಡಲು ಕಡಿದ ಜಾಗದಿಂದ ಅಂಗೈ ಅಗಲದ ಒಂದು ಬೂದು ಕಲ್ಲನ್ನು ಪಂಚೆಯ ತುಂಡಿನಲ್ಲಿ ಸುತ್ತಿ ತಂದಿದ್ದ. ಬಿಚ್ಚಿದರೆ, ಕಲ್ಲಿನ ಚಪ್ಪಟೆ ಮುಖದ ಮೇಲೆ ಕಪ್ಪು ಶಾಯಿಯಲ್ಲಿ ಬರೆದ ಹಾಗೆ ಜರಿ ಗಿಡ. ಕೊಂಬೆ, ಕೊಂಬೆಗೆ ಕವಲು, ಕವಲಿಗೆ ಇನ್ನೂ ಸಣ್ಣ ಕವಲು. 'ಮಾವ, ಇದು ಪಳೆಯುಳಿಕೆ ಅಲ್ದಾ?' ಅಂದ. ಅವನ ಮುಖ ನೋಡಿ ಇಲ್ಲ ಅನ್ನಲು ನನಗೆ ಮನಸ್ಸೇ ಬರಲಿಲ್ಲ.

ಆದರೂ ಅಲ್ಲ. ಅದು ಡೆಂಡ್ರೈಟ್. ಗ್ರೀಕ್ ಭಾಷೆಯಲ್ಲಿ ಡೆಂಡ್ರಾನ್ ಅಂದರೆ ಮರ. ಹೆಸರಿನಲ್ಲಿ ಮಾತ್ರ ಮರ, ಒಳಗೆ ಮ್ಯಾಂಗನೀಸಿನ ಆಕ್ಸೈಡ್. ಕಲ್ಲಿನ ಸಣ್ಣ ಬಿರುಕಿಗೆ ನೀರು ಇಳಿಯುತ್ತದೆ, ನೀರಿನಲ್ಲಿ ಕರಗಿದ್ದ ಮ್ಯಾಂಗನೀಸ್ ಬಿರುಕಿನ ಅಂಚಿನಿಂದ ಒಳಕ್ಕೆ ಕವಲು ಕವಲಾಗಿ ಕೂರುತ್ತಾ ಹೋಗುತ್ತದೆ. ಜೋಯಿಡಾ ಕಡೆ ಮ್ಯಾಂಗನೀಸ್ ಗಣಿಗಳೇ ಇದ್ದ ಜಿಲ್ಲೆ ನಮ್ಮ ಉತ್ತರ ಕನ್ನಡ. ಇಲ್ಲಿಯ ಕಲ್ಲಲ್ಲಿ ಇಂಥದ್ದು ಸಿಕ್ಕರೆ ಆಶ್ಚರ್ಯ ಇಲ್ಲ.

ಇಬ್ಬರೂ ಜಗಲಿಯ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ಕೂತೆವು. ಹಿತ್ತಲಿನ ಬಾವಿಕಟ್ಟೆಯಿಂದ ನಿಜವಾದ ಜರಿ ಎಲೆ ಒಂದನ್ನು ಕಿತ್ತು ತಂದು ಪಕ್ಕದಲ್ಲಿಟ್ಟೆ. ಜರಿ ಎಲೆಗೆ ನಡುವೆ ಒಂದು ದಂಟು ಇದೆ. ಎರಡೂ ಬದಿ ಸಣ್ಣ ಎಲೆಗಳು ಲೆಕ್ಕ ಹಾಕಿದ ಹಾಗೆ ಕೂತಿವೆ, ಬುಡದಿಂದ ತುದಿಗೆ ಹೋಗುತ್ತಾ ಚಿಕ್ಕದಾಗುತ್ತವೆ, ಪ್ರತಿ ಎಲೆಗೂ ಅಂಚು ಇದೆ, ನರ ಇದೆ. ಕಲ್ಲಿನ ಮೇಲಿದ್ದದ್ದಕ್ಕೆ ದಂಟೂ ಇಲ್ಲ, ನರವೂ ಇಲ್ಲ. ಕವಲುಗಳು ಜಾಗ ಸಿಕ್ಕ ಕಡೆ ಹರಡಿವೆ. ಮುಖ್ಯವಾಗಿ, ಎಲ್ಲ 'ಗಿಡ'ಗಳೂ ಕಲ್ಲಿನ ಒಂದೇ ಅಂಚಿನಿಂದ ಹೊರಟಿದ್ದವು, ಅಂದರೆ ನೀರು ಒಳಗೆ ಬಂದ ಬಾಯಿಯಿಂದ. ಆಮೇಲೆ ಗಾಯ ತೊಳೆಯಲು ಮನೆಯಲ್ಲಿ ಇಟ್ಟಿದ್ದ ಹೈಡ್ರೋಜನ್ ಪೆರಾಕ್ಸೈಡ್ ಒಂದು ಹನಿ ಬಿಟ್ಟೆವು. ಕಪ್ಪು ಗೆರೆಯ ಮೇಲೆ ಮಾತ್ರ ಸಣ್ಣ ಸಣ್ಣ ಗುಳ್ಳೆ ಎದ್ದವು, ಪಕ್ಕದ ಬೂದು ಕಲ್ಲಿನ ಮೇಲೆ ಏನೂ ಇಲ್ಲ. ಮ್ಯಾಂಗನೀಸ್ ಡೈಆಕ್ಸೈಡ್ ತಾಗಿದರೆ ಪೆರಾಕ್ಸೈಡ್ ಒಡೆದು ಆಮ್ಲಜನಕ ಹೊರಬರುತ್ತದೆ. ಇದು ಪಿಯುಸಿ ಪುಸ್ತಕದಲ್ಲೂ ಇರುವ ವಿಷಯ, ಅವನೇ ಹೇಳಿದ.

ಇಂಥವಕ್ಕೆ ಹುಸಿ ಪಳೆಯುಳಿಕೆ ಅನ್ನಬಹುದು. ಹುಸಿ ಅಂದ ಮಾತ್ರಕ್ಕೆ ಬಿಸಾಡುವ ವಸ್ತು ಅಲ್ಲ. ಆ ಕಲ್ಲು ಈಗಲೂ ಅವನ ಮೇಜಿನ ಮೇಲೆ ಇದೆ, ಅದರ ನಿಜವಾದ ಹೆಸರಿನ ಚೀಟಿಯ ಜೊತೆ.

ಚಿರೆಕಲ್ಲಿನ ತೂತಿನ ಮಾತು ಬೇಗ ಮುಗಿಸುತ್ತೇನೆ. ನಮ್ಮ ಮಳೆಗೆ, ಸೆಕೆಗೆ ಕೆಳಗಿನ ಬಂಡೆ ಕೊಳೆತ ಹಾಗಾಗಿ ಸಿಲಿಕಾ ತೊಳೆದು ಹೋಗುತ್ತದೆ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶ ಉಳಿದು ಗಟ್ಟಿಯಾಗುತ್ತದೆ. ನಡುವಿನ ಮೆತ್ತನೆ ಜೇಡಿ ಕೊಚ್ಚಿಹೋದ ಕಡೆ ತೂತು. ಅಲ್ಲಿ ಹಾವೂ ಇಲ್ಲ, ಮೂಳೆಯೂ ಇಲ್ಲ. ಈ ಕಲ್ಲಿಗೆ ಲ್ಯಾಟರೈಟ್ ಅಂತ ಹೆಸರಿಟ್ಟವನು ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್, 1807ರಲ್ಲಿ, ಮಲಬಾರಿನ ಅಂಗಾಡಿಪುರದ ಕಲ್ಲು ನೋಡಿ. ಲ್ಯಾಟಿನ್‌ನಲ್ಲಿ ಲೇಟರ್ ಅಂದರೆ ಇಟ್ಟಿಗೆ. ನಮ್ಮವರು ಇದನ್ನು ಜಂಬಿಟ್ಟಿಗೆ ಅನ್ನುತ್ತಾರಲ್ಲ, ಅಲ್ಲೂ ಇಟ್ಟಿಗೆಯೇ ಇದೆ. ಕಡಿಯುವಾಗ ಮೆತ್ತಗೆ, ಗಾಳಿಗೆ ಬಿಟ್ಟರೆ ಗಟ್ಟಿ. ಎರಡು ಕಡೆಯ ಜನಕ್ಕೂ ಅದೇ ಕಣ್ಣಿಗೆ ಬಿದ್ದಿದೆ.

ದುಂಡಗಿನ ಕಲ್ಲೆಲ್ಲ ಡೈನೋಸಾರ್ ಮೊಟ್ಟೆ ಅಲ್ಲ. ಗ್ರಾನೈಟ್ ಬಂಡೆ ಬಿಸಿಲು ಮಳೆಗೆ ಪದರ ಪದರವಾಗಿ ಉದುರಿದರೆ ದುಂಡಗೇ ಆಗುತ್ತದೆ. ಆರು ಮುಖದ ಬೆಣಚುಕಲ್ಲನ್ನು ಯಾರೂ ಕಡೆದಿಲ್ಲ, ಅದು ಹಾಗೇ ಬೆಳೆಯುತ್ತದೆ. ಅದು ಹರಳು, ಪಳೆಯುಳಿಕೆ ಅಲ್ಲ.

ಇವೆಲ್ಲಕ್ಕಿಂತ ದೊಡ್ಡ ವಿಷಯ ನಮ್ಮ ಬಂಡೆಗಳ ವಯಸ್ಸು. ಉತ್ತರ ಕನ್ನಡದ ಬುಡದ ಬಂಡೆಗಳು ಬಹುಪಾಲು 250 ಕೋಟಿ ವರ್ಷಕ್ಕಿಂತ ಹಳೆಯವು. ಚಿಪ್ಪು ಇರುವ ಪ್ರಾಣಿಗಳು ಸಮುದ್ರದಲ್ಲಿ ತುಂಬಿಕೊಂಡದ್ದು ಸುಮಾರು 54 ಕೋಟಿ ವರ್ಷದ ಹಿಂದೆ. ಗಿಡ ನೆಲಕ್ಕೆ ಹತ್ತಿದ್ದು ಸುಮಾರು 47 ಕೋಟಿ ವರ್ಷದ ಹಿಂದೆ. ಜರಿ ಇನ್ನೂ ಆಮೇಲೆ. ಜರಿ ಗಿಡವೇ ಹುಟ್ಟದ ಕಾಲದ ಬಂಡೆಯೊಳಗೆ ಜರಿಯ ಗುರುತು ಹೇಗೆ ಬರಬೇಕು ಹೇಳಿ? ಜೊತೆಗೆ ಇಲ್ಲಿಯ ಎಷ್ಟೋ ಬಂಡೆ ನೆಲದಾಳದಲ್ಲಿ ಕಾದು, ಹಿಂಡಿ, ಮಡಚಿ ಬಂದದ್ದು. ಕಲ್ಲು ಎಲ್ಲಿಯದು ಅಂತ ಗೊತ್ತಾದರೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಫೋಟೋ ಕಳಿಸುವವರು ಅದೊಂದನ್ನೇ ಬರೆಯುವುದಿಲ್ಲ! ಬಂಡೆಯಿಂದ ಬಿಡಿಸಿದ್ದೋ, ಹೊಳೆಯಲ್ಲಿ ಬಿದ್ದಿದ್ದೋ, ಯಾರೋ ಮನೆ ಕಟ್ಟಲು ಬೇರೆ ಜಿಲ್ಲೆಯಿಂದ ತರಿಸಿದ ನೆಲಹಾಸಿನ ಕಲ್ಲೋ, ಇದನ್ನು ದಯವಿಟ್ಟು ಬರೆಯಿರಿ.

ಹಾಗಂತ ಇಷ್ಟು ಹಳೆಯ ಕಲ್ಲಲ್ಲಿ ಜೀವವೇ ಇರಲಿಲ್ಲ ಅಂತಲ್ಲ. ಇಷ್ಟೇ ಹಳೆಯ, ಧಾರವಾಡ ಶಿಲೆಗಳು ಅಂತ ಕರೆಯುವ ಗುಂಪಿನಲ್ಲೇ, ಶಿವಮೊಗ್ಗದ ಕುಂಸಿ, ಚಿತ್ರದುರ್ಗದ ಭೀಮಸಮುದ್ರ ಕಡೆ ಸುಣ್ಣಕಲ್ಲಿನಲ್ಲಿ ಸ್ಟ್ರೊಮ್ಯಾಟೊಲೈಟ್ ಸಿಕ್ಕಿವೆ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಆಳವಿಲ್ಲದ ನೀರಿನಲ್ಲಿ ಪಾಚಿ ಹಾಸಿದ ಹಾಗೆ ಹಾಸಿ, ಮೇಲೆ ಮಣ್ಣು ಕೂತಾಗ ಮತ್ತೆ ಮೇಲೆ ಬಂದು ಹಾಸಿ, ಹೀಗೆ ಪದರದ ಮೇಲೆ ಪದರ ಕಟ್ಟಿದ್ದು. ನೋಡಲು ನೀರುದೋಸೆ ಅಡುಕಿದ ಹಾಗೆ, ನಡುವೆ ಉಬ್ಬಿದ ಗೆರೆಗಳು. ಅದು ನಿಜವಾದ ಪಳೆಯುಳಿಕೆ. ಆದರೆ ಅದರ ಫೋಟೋ ಯಾರೂ ಕಳಿಸುವುದಿಲ್ಲ, ನೋಡಲು ಸಾದಾ ಕಲ್ಲು.

ಅಘನಾಶಿನಿ ಅಳಿವೆಯ ಚಿಪ್ಪಿಗಳದ್ದು ಬೇರೆ ಕಥೆ. ಅಲ್ಲಿ ಬಳಚು ಅನ್ನುವ ಚಿಪ್ಪಿ ತೆಗೆಯುವವರಿಗೆ ಗೊತ್ತು, ಕೆಸರಿನ ಕೆಳಗೆ ಹಳೆ ಚಿಪ್ಪಿಯ ಪದರಗಳೇ ಇವೆ. ಸುಣ್ಣಕ್ಕೆ ಅಂತ ಅಗೆದು ಸಾಗಿಸಿದ್ದೂ ಇದೆ. ಜೀವ ಇತ್ತು, ಸತ್ತಿತು, ಹೂತಿತು, ಉಳಿಯಿತು. ಹಾಗಾದರೆ ಪಳೆಯುಳಿಕೆಯೇ? ಸಾಮಾನ್ಯವಾಗಿ 10 ಸಾವಿರ ವರ್ಷ ದಾಟಿದ್ದಕ್ಕೆ ಮಾತ್ರ ಆ ಹೆಸರು ಕೊಡುವ ರೂಢಿ ಇದೆ, ಅದಕ್ಕಿಂತ ಈಚಿನದನ್ನು ಅರೆ ಪಳೆಯುಳಿಕೆ ಅನ್ನಬಹುದು. 10 ಸಾವಿರ ಅನ್ನುವುದು ನಾವು ಹಾಕಿಕೊಂಡ ಗೆರೆ ಅಷ್ಟೇ. ಚಿಪ್ಪಿ ನೋಡಿ ಪಳೆಯುಳಿಕೆ ಅಂದವರ ಜೊತೆ ನಾನು ಜಗಳಕ್ಕೆ ಹೋಗುವುದಿಲ್ಲ, ಅವರು ಮುಖ್ಯವಾದ ಅರ್ಧವನ್ನು ಸರಿಯಾಗಿ ಹಿಡಿದಿದ್ದಾರೆ.

ನಿಜವಾದ ಪಳೆಯುಳಿಕೆ ನೋಡಲು ನಮ್ಮ ಘಟ್ಟದ ಮೇಲಿನ ಎಷ್ಟೋ ಮನೆಗಳಲ್ಲಿ ಹೊರಗೆ ಹೋಗಬೇಕಾಗಿಯೇ ಇಲ್ಲ. ದೇವರ ಕೋಣೆಗೆ ಹೋದರೆ ಸಾಕು. ಪಂಚಾಯತನ ಪೂಜೆ ಇರುವ ಮನೆಯಲ್ಲಿ ಐದು ಕಲ್ಲು ಇರುತ್ತವೆ: ಗಂಡಕಿಯ ಸಾಲಿಗ್ರಾಮ, ನರ್ಮದೆಯ ಬಾಣಲಿಂಗ, ಸೂರ್ಯನಿಗೆ ಸ್ಫಟಿಕ, ದೇವಿಗೆ ಸ್ವರ್ಣಮುಖಿಯ ಕಲ್ಲು, ಗಣಪತಿಗೆ ಶೋಣಭದ್ರದ ಕೆಂಪು ಕಲ್ಲು. ಐದೂ ಕಲ್ಲೇ, ಐದೂ ಹಳೆಯವೇ. ಪಳೆಯುಳಿಕೆ ಮಾತ್ರ ಒಂದೇ, ಚಕ್ರ ಇರುವ ಸಾಲಿಗ್ರಾಮ. ಆ ಚಕ್ರ ಅಮೋನೈಟ್ ಅನ್ನುವ ಸಮುದ್ರಜೀವಿಯ ಸುರುಳಿ ಚಿಪ್ಪಿನ ಗುರುತು. ಹಿಮಾಲಯ ಏಳುವ ಮುಂಚೆ ಅಲ್ಲಿ ಟೆಥಿಸ್ ಸಮುದ್ರ ಇತ್ತು. ಅದರ ತಳದ ಕೆಸರಿನಲ್ಲಿ ಹೂತದ್ದು ಸುಮಾರು 14-16 ಕೋಟಿ ವರ್ಷದ ನಂತರ ನೇಪಾಳದ ಕಾಳಿಗಂಡಕಿಯಲ್ಲಿ ಉರುಳಿ, ಯಾರದೋ ಕೈ ಸೇರಿ, ಶಿರಸಿಯ ತೊಟ್ಟಿ ಮನೆಯ ಸಂಪುಟದಲ್ಲಿ ಬಂದು ಕೂತಿದೆ. ಆ ಚಕ್ರವನ್ನು ವಜ್ರಕೀಟ ಅನ್ನುವ ಹುಳ ಕೊರೆಯಿತು ಅಂತ ಹಿರಿಯರು ಹೇಳುತ್ತಾರೆ. ವಿವರ ಬೇರೆ ಇರಬಹುದು, ಆದರೆ ಆ ಗೆರೆ ಸುಮ್ನೆ ಕಲ್ಲಿನದಲ್ಲ, ಅದರ ಹಿಂದೆ ಒಂದು ಜೀವ ಇತ್ತು ಅಂತ ಅವರಿಗೂ ಅನಿಸಿತ್ತು ಅಲ್ವಾ?

ಅಕ್ಕನ ಮಗನಿಗೆ ಇದನ್ನು ಹೇಳಿದಾಗ ಅವನು ನಂಬಲಿಲ್ಲ. ಮರುದಿನ ಬೆಳಿಗ್ಗೆ ಸ್ನಾನ ಮಾಡಿ ಬಂದು ಅಜ್ಜನ ಪೂಜೆ ಮುಗಿಯುವ ತನಕ ಬಾಗಿಲಲ್ಲಿ ಕಾದ. ಅಜ್ಜ ಅಭಿಷೇಕದ ನೀರು ಒರೆಸಿ, ಸಾಲಿಗ್ರಾಮವನ್ನು ತಮ್ಮ ಅಂಗೈಯಲ್ಲೇ ಇಟ್ಟುಕೊಂಡು ದೀಪದ ಹತ್ತಿರ ಹಿಡಿದರು. ಇವನು ಮುಟ್ಟದೆ ಭೂತಗನ್ನಡಿ ಹಿಡಿದು, ಕಲ್ಲಿನ ಬಾಯಿಯ ಒಳಗೆ ಸುತ್ತಿದ ಚಿಪ್ಪಿನ ಏಣುಗಳನ್ನು ಒಂದೊಂದಾಗಿ ಎಣಿಸಿದ. ಹತ್ತೊಂಬತ್ತರ ತನಕ ಎಣಿಸಿದ, ಮುಂದೆ ಕತ್ತಲು.